ನಟ್ ಜಾಮ್ ಆಗಿದೆಯೇ? ಮೊದಲು ಪೈಪ್ ಕೆಳಗಿಡಿ

ಹಿಂದಿನ ಚಕ್ರದ ಆಕ್ಸಲ್ ನಟ್, ಸೈಲೆನ್ಸರ್ ಬೆಂಡ್ ಪೈಪಿನ ನಟ್, ಚೈನ್ ಅಡ್ಜಸ್ಟರ್‌ನ ಲಾಕ್‌ನಟ್. ಬೈಕಿನಲ್ಲಿ ಹೆಚ್ಚಾಗಿ ಕೈಕೊಡುವುದು ಇವೇ. ಮಳೆ ನೀರು, ಕೆಸರು, ಬಿಸಿ ಎಲ್ಲ ತಾಗುವ ಜಾಗಗಳು. ಮನೆಯಲ್ಲೇ ಸರ್ವಿಸ್ ಮಾಡಿಕೊಳ್ಳುವವರು ಇಂಥ ನಟ್ ಎದುರು ಕೂತಾಗ ಏನು ಮಾಡುತ್ತಾರೆ ಅಂತ ಬಹಳ ಸಲ ನೋಡಿದ್ದೇನೆ. ಕೈಗೆ ಸಿಕ್ಕ ಸ್ಪ್ಯಾನರ್ ಹಾಕುತ್ತಾರೆ. ಅಲ್ಲಾಡಲಿಲ್ಲ ಅಂದರೆ ಅದಕ್ಕೊಂದು ಉದ್ದದ ಪೈಪ್ ಸಿಕ್ಕಿಸುತ್ತಾರೆ. ಮೈಭಾರವನ್ನೆಲ್ಲ ಹಾಕಿ ಜಗ್ಗುತ್ತಾರೆ. ಆಗ ನಟ್‌ನ ಮೂಲೆ ಸವೆದು ಗುಂಡಗಾಗುತ್ತದೆ, ಇಲ್ಲವೇ ಬೋಲ್ಟ್ ಕಟ್ ಆಗಿ ಅರ್ಧ ತುಂಡು ಒಳಗೇ ಉಳಿಯುತ್ತದೆ. ಅರ್ಧ ಗಂಟೆಯ ಕೆಲಸಕ್ಕೆ ಡ್ರಿಲ್ಲು, ವೆಲ್ಡಿಂಗು ಎಲ್ಲ ಬೇಕಾಗುತ್ತದೆ.

ಕೆಳಗೆ ಹೇಳಿರುವ ಕ್ರಮದಲ್ಲಿ ಹೋದರೆ ಮುಕ್ಕಾಲುಪಾಲು ನಟ್‌ಗಳು ಸಾಮಾನ್ಯ ಬಲಕ್ಕೇ ಬರುತ್ತವೆ.

ಮೊದಲು ನಟ್ ಯಾಕೆ ಕಚ್ಚಿಕೊಳ್ಳುತ್ತದೆ ಅಂತ ತಿಳಿದಿರಲಿ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ಹಿಡಿಯುತ್ತದೆ. ನಟ್ ಮತ್ತು ಬೋಲ್ಟಿನ ಥ್ರೆಡ್ (ಸುರುಳಿ ಗೆರೆ) ನಡುವೆ ಕೂದಲೆಳೆಯಷ್ಟು ಸಂದು ಇರುತ್ತದಲ್ವಾ, ಆ ಸಂದು ತುಕ್ಕಿನಿಂದ ತುಂಬಿ ಎರಡೂ ಒಂದಕ್ಕೊಂದು ಒತ್ತಿ ಹಿಡಿಯುತ್ತವೆ. ಎಂಜಿನ್‌ನಲ್ಲಿ ಇನ್ನೊಂದು ಬಗೆಯ ತೊಂದರೆ ಇದೆ. ಅಲ್ಲಿ ಉಕ್ಕಿನ ಬೋಲ್ಟ್ ಅಲ್ಯೂಮಿನಿಯಂ ಒಳಗೆ ಕೂತಿರುತ್ತದೆ. ನೀರು ಸೇರಿದರೆ ಅಲ್ಯೂಮಿನಿಯಂ ಕೊರೆದು ಬಿಳಿ ಪುಡಿ ಕಟ್ಟುತ್ತದೆ. ಕೆಂಪು ತುಕ್ಕು ಕಂಡರೆ ಎಣ್ಣೆ ಮೊದಲ ಮದ್ದು. ಬಿಳಿ ಪುಡಿ ಕಂಡರೆ ಎಣ್ಣೆಗಿಂತ ಬಿಸಿ ಚೆನ್ನಾಗಿ ಕೆಲಸ ಮಾಡುತ್ತದೆ.

ಹಂತ 1: ನಿಜಕ್ಕೂ ಜಾಮ್ ಆಗಿದೆಯಾ ನೋಡಿ

ಆಕ್ಸಲ್ ನಟ್‌ನಲ್ಲಿ ಸ್ಪ್ಲಿಟ್ ಪಿನ್ (ನಟ್ ತಿರುಗದಂತೆ ತೂರಿಸಿ ಮಡಚಿದ ಪಿನ್) ಇದೆಯಾ? ಕೆಸರಿನಡಿ ಅದು ಕಾಣುವುದಿಲ್ಲ. ಮುಂದಿನ ಸ್ಪ್ರಾಕೆಟ್ ನಟ್ ಆದರೆ ಲಾಕ್ ವಾಷರ್‌ನ ಅಂಚನ್ನು ನಟ್ ಮೇಲೆ ಮಡಚಿರುತ್ತಾರೆ, ಅದನ್ನು ಬಿಡಿಸಬೇಕು. ಕೆಲವು ನಟ್‌ಗಳ ಕಂಠವನ್ನು ಬೋಲ್ಟಿನಲ್ಲಿ ಕೊರೆದ ಸಂದಿಗೆ ಬಡಿದು ಕೂರಿಸಿರುತ್ತಾರೆ. ಎಡ ಥ್ರೆಡ್ ಕೂಡ ಇರಬಹುದು. ಎಷ್ಟೋ ಯಮಹಾ ಬೈಕ್‌ಗಳಲ್ಲಿ ಬಲಗಡೆಯ ಕನ್ನಡಿ ಎಡ ಥ್ರೆಡ್‌ನದು, ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ತಿಳಿಯದೆ ಬಿಚ್ಚುತ್ತಿದ್ದೇನೆ ಅಂದುಕೊಂಡು ಇನ್ನಷ್ಟು ಬಿಗಿ ಮಾಡುವವರು ಕಡಿಮೆಯಿಲ್ಲ.

ಹಂತ 2: ತಂತಿ ಬ್ರಷ್

ನಟ್‌ನಿಂದ ಹೊರಗೆ ಚಾಚಿರುವ ಥ್ರೆಡ್ ಹೊಳೆಯುವವರೆಗೆ ಉಜ್ಜಿ. ಬಿಚ್ಚುವಾಗ ನಟ್ ಅದರ ಮೇಲೇ ಹಾದು ಬರಬೇಕು.

ಹಂತ 3: ಎಣ್ಣೆ, ಮತ್ತು ಕಾಯುವುದು

ಎಣ್ಣೆ ಅಂದರೆ ಎಂಜಿನ್ ಆಯಿಲ್ ಅಲ್ಲ. ಅದು ದಪ್ಪ, ಸಂದಿಗೆ ಇಳಿಯುವುದಿಲ್ಲ. ತುಕ್ಕು ಬಿಡಿಸಲೆಂದೇ ಮಾಡಿದ ತೆಳು ಪೆನೆಟ್ರೇಟಿಂಗ್ ಆಯಿಲ್ ಬೇಕು. ಎಲ್ಲರ ಮನೆಯಲ್ಲೂ ಇರುವ ನೀಲಿ ಹಳದಿ ಡಬ್ಬದ ಡಬ್ಲ್ಯೂಡಿ-40ಯನ್ನು 1953ರಲ್ಲಿ ರೂಪಿಸಿದ್ದೇ ನೀರನ್ನು ಹೊರಗೆ ತಳ್ಳಲಿಕ್ಕೆ. ಹಗುರ ತುಕ್ಕಿಗೆ ಅದು ಸಾಕು. ಹಳೆಯ ಸೈಲೆನ್ಸರ್ ನಟ್‌ಗೆ ನಾನು ಅದನ್ನು ನಂಬುವುದಿಲ್ಲ. ಅದೇ ಕಂಪನಿ ತುಕ್ಕಿಗೆ ಬೇರೆಯದೇ ಎಣ್ಣೆ ಮಾರುತ್ತದೆ. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಟಿಎಫ್ ಎಣ್ಣೆ ಬೆರೆಸಿ ಹಚ್ಚುವವರೂ ಇದ್ದಾರೆ. ಕೆಲಸವೇನೋ ಮಾಡುತ್ತದೆ. ಆದರೆ ಕಿಡಿ ತಾಗಿದರೆ ಧಗ್ ಅಂತ ಹತ್ತಿಕೊಳ್ಳುತ್ತದೆ, ಬಣ್ಣ ಮತ್ತು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ನನ್ನ ಕೈಗೆ ಅದು ಬೇಡ.

ಸಂಜೆ ಹಾಕಿ. ಮಲಗುವ ಮುಂಚೆ ಇನ್ನೊಮ್ಮೆ ಹಾಕಿ. ಬೆಳಿಗ್ಗೆ ಮತ್ತೊಮ್ಮೆ. ನಟ್‌ನ ಎರಡೂ ಬದಿಗೆ ಹಾಕಬೇಕು, ಎದುರಿಗೆ ಕಾಣುವ ಬದಿಗೆ ಮಾತ್ರ ಅಲ್ಲ. ಪ್ರತಿ ಸಲ ಹಾಕಿದ ಮೇಲೆ ಸಣ್ಣ ಸುತ್ತಿಗೆಯಿಂದ ನಟ್ ಮೇಲೆ ಟಕಟಕ ತಟ್ಟಿ. ಆ ನಡುಕಕ್ಕೆ ಎಣ್ಣೆ ಒಳಗಿಳಿಯುತ್ತದೆ. ಬ್ರೇಕ್ ಡಿಸ್ಕ್, ಪ್ಯಾಡ್, ಡ್ರಮ್ ಹತ್ತಿರವಿದ್ದರೆ ಬಟ್ಟೆ ಮುಚ್ಚಿಯೇ ಸ್ಪ್ರೇ ಮಾಡಿ. ಪ್ಯಾಡ್ ಎಣ್ಣೆ ಕುಡಿದರೆ ಬ್ರೇಕ್ ಹಿಡಿಯುವುದಿಲ್ಲ.

ಹಂತ 4: ಸರಿಯಾದ ಬಾಯಿ

ಆರು ಮೂಲೆಯ ಸಾಕೆಟ್. ಇದರಲ್ಲಿ ರಾಜಿ ಬೇಡ. ಹನ್ನೆರಡು ಮೂಲೆಯದು ನಟ್‌ನ ಮೂಲೆಯ ತುದಿಯನ್ನಷ್ಟೇ ಹಿಡಿಯುತ್ತದೆ, ಆರು ಮೂಲೆಯದು ಚಪ್ಪಟೆ ಬದಿಗೆ ಒತ್ತುತ್ತದೆ. ಅಡ್ಜಸ್ಟಬಲ್ ಸ್ಪ್ಯಾನರ್, ಕಟಿಂಗ್ ಪ್ಲೇಯರ್ ಇಲ್ಲಿ ಕೈಗೇ ತೆಗೆದುಕೊಳ್ಳಬೇಡಿ. ಓಪನ್ ಸ್ಪ್ಯಾನರ್ ಎದುರುಗಡೆಯ ಬೋಲ್ಟ್ ತಲೆ ತಿರುಗದಂತೆ ಹಿಡಿಯಲಿಕ್ಕೆ ಮಾತ್ರ. ಸಾಕೆಟ್ ಹಾಕಿ ಬೆರಳಲ್ಲಿ ಅಲ್ಲಾಡಿಸಿ ನೋಡಿ. ಸಡಿಲ ಅನಿಸಿದರೆ ಸೈಜ್ ತಪ್ಪು, ಅಥವಾ ಕಳಪೆ ಸೆಟ್ಟಿನ ಸಾಕೆಟ್‌ನ ಬಾಯಿ ಅಗಲವಾಗಿದೆ.

ಹಂತ 5: ಮೊದಲ ಅಲುಗಾಟ

ಎಲ್ಲರೂ ಕೆಡಿಸುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೈಕ್ ಅಲ್ಲಾಡಬಾರದು. ಆಕ್ಸಲ್ ನಟ್ ಆದರೆ ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡಿ. ಮೇನ್ ಸ್ಟ್ಯಾಂಡ್ ಹಾಕಿ ಜೋರಾಗಿ ಜಗ್ಗಿದರೆ ಬೈಕ್ ಸ್ಟ್ಯಾಂಡ್‌ನಿಂದ ಜಾರಿ ನಿಮ್ಮ ಮೇಲೇ ಬರಬಹುದು. ಇನ್ನೊಬ್ಬರು ಬೈಕ್ ಮೇಲೆ ಕೂತು ಹಿಡಿದುಕೊಂಡರೆ ಒಳ್ಳೆಯದು. ಕಣ್ಣಿಗೆ ಕನ್ನಡಕ ಇರಲಿ. ಸುತ್ತಿಗೆ ಏಟಿಗೆ ತುಕ್ಕಿನ ಚೂರು ಸಿಡಿಯುತ್ತದೆ.

ಈಗ ಒಂದು ಮಾರ್ಕರ್ ತೆಗೆದುಕೊಳ್ಳಿ. ಬೋಲ್ಟಿನ ತುದಿಯಿಂದ ಶುರುಮಾಡಿ ನಟ್ ಮೇಲೆ ಹಾಯುವಂತೆ ಒಂದೇ ನೇರ ಗೆರೆ ಎಳೆಯಿರಿ. ಈ ಗೆರೆ ಮುಂದೆ ನಿಮ್ಮ ಬೋಲ್ಟ್ ಉಳಿಸುತ್ತದೆ.

ಸಾಕೆಟ್ ಹಾಕುವ ಮುಂಚೆ ನಟ್‌ನ ಚಪ್ಪಟೆ ಬದಿಗೆ ಒಂದೊಂದಾಗಿ ಸುತ್ತಿಗೆ ಏಟು ಕೊಡಿ. ಎದುರು ಬದಿಗೆ ಇನ್ನೊಂದು ಭಾರದ ಸುತ್ತಿಗೆ ಆನಿಸಿ ಹಿಡಿದರೆ ಏಟು ನಟ್‌ಗೇ ತಾಗುತ್ತದೆ. ಅಲ್ಯೂಮಿನಿಯಂ ಕೇಸಿಂಗ್ ಮೇಲೆ ಬಡಿಯಬೇಡಿ, ಸೀಳು ಬಿಡುತ್ತದೆ. ಬೋಲ್ಟಿನ ತುದಿಗೂ ನೇರ ಬಡಿಯಬೇಡಿ. ತುದಿ ಅರಳಿದರೆ ನಟ್ ಅಲ್ಲಿಂದಾಚೆ ಬರುವುದೇ ಇಲ್ಲ.

ಆಮೇಲೆ ಸಾಕೆಟ್ ಪೂರ್ತಿ ಕೂರಿಸಿ, ಮೊದಲು ಬಿಗಿ ಮಾಡುವ ಕಡೆಗೆ ಒಂದು ಚೂರು ಒತ್ತಿ. ಹೌದು, ಬಿಗಿ ಮಾಡುವ ಕಡೆಗೇ. ತುಕ್ಕಿನ ಪದರ ಬಿರುಕು ಬಿಡಲು ಯಾವ ಕಡೆಗೆ ಅಲ್ಲಾಡಿದರೂ ಆಯಿತು, ಒಂದು ಕೂದಲಷ್ಟು ಸರಿದರೂ ಸಾಕು. ಹೆಚ್ಚು ಬಲ ಹಾಕಬೇಡಿ. ತಕ್ಷಣ ಬಿಚ್ಚುವ ಕಡೆಗೆ ಒಂದು ಚುರುಕಾದ ಜಗ್ಗು. ಒಂದೇ ಸಮ ಒತ್ತಿ ಹಿಡಿಯುವುದಕ್ಕಿಂತ ಪದೇ ಪದೇ ಕೊಡುವ ಸಣ್ಣ ಜಗ್ಗು ಮೇಲು. ಸ್ಪ್ಯಾನರನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ತಳ್ಳಲೇಬೇಕಾದರೆ ಮುಷ್ಟಿ ಕಟ್ಟದೆ ಅಂಗೈಯಲ್ಲಿ ತಳ್ಳಿ, ಜಾರಿದರೆ ಬೆರಳ ಗೆಣ್ಣು ಉಳಿಯುತ್ತದೆ.

ಇನ್ನು ಕೈಗೆ ಗೊತ್ತಾಗಬೇಕಾದ ವಿಷಯ. ‘ಟಕ್’ ಅಂತ ಸದ್ದು ಬಂದು ನಟ್ ಸರಿದರೆ ತುಕ್ಕು ಬಿಟ್ಟಿತು ಅಂತ ಅರ್ಥ. ಸದ್ದೇ ಇಲ್ಲದೆ ರಬ್ಬರ್ ತಿರುಚಿದ ಹಾಗೆ ಮೆತ್ತಗೆ ತಿರುಗಿದರೆ ಕೂಡಲೇ ಕೈ ಬಿಡಿ. ಗೆರೆ ನೋಡಿ. ನಟ್ ಮೇಲಿನ ಗೆರೆ ಬೋಲ್ಟ್ ಮೇಲಿನ ಗೆರೆಯಿಂದ ಬೇರೆಯಾಗಿದ್ದರೆ ನಟ್ ನಿಜವಾಗಿ ಬಿಚ್ಚಿಕೊಳ್ಳುತ್ತಿದೆ. ಗೆರೆ ಮುರಿಯದೆ ಎರಡೂ ಒಟ್ಟಿಗೇ ಸುತ್ತಿದ್ದರೆ ಆ ಕಡೆಯ ತಲೆ ತಿರುಗುತ್ತಿರಬೇಕು. ತಲೆಯನ್ನು ಭದ್ರವಾಗಿ ಹಿಡಿದಿದ್ದರೂ ಹೀಗಾದರೆ ಬೋಲ್ಟೇ ತಿರುಚಿಕೊಳ್ಳುತ್ತಿದೆ, ಇನ್ನೊಂದು ಜಗ್ಗಿಗೆ ಕಟ್ ಆಗುತ್ತದೆ. ಆಗ ಬಲ ನಿಲ್ಲಿಸಿ ಮುಂದಿನ ಹಂತಕ್ಕೆ ಹೋಗಿ.

ಪೈಪ್ ವಿಷಯಕ್ಕೆ ಬರುತ್ತೇನೆ. 6 ಎಂಎಂ ಬೋಲ್ಟನ್ನು ಸಾಮಾನ್ಯವಾಗಿ ಬಿಗಿ ಮಾಡುವುದು ಸುಮಾರು 10 ನ್ಯೂಟನ್ ಮೀಟರ್ ತಿರುಗಿಸುವ ಬಲಕ್ಕೆ, ಅಂದರೆ ಟಾರ್ಕ್‌ಗೆ. 30 ಸೆಂಟಿಮೀಟರ್ ಹಿಡಿಯ ತುದಿಯಲ್ಲಿ 20 ಕಿಲೋ ಭಾರ ಬಿಟ್ಟರೆ ಹತ್ತಿರ ಹತ್ತಿರ 60 ಆಗುತ್ತದೆ. ಪೈಪ್ ಇಲ್ಲದೆಯೇ ಆರು ಪಟ್ಟು! ಅಂಥ ಬೋಲ್ಟ್ ಮುರಿಯಲು ಇಷ್ಟೆಲ್ಲ ಬೇಕಾಗಿಯೂ ಇಲ್ಲ. ಹಾಗಾಗಿ 6 ಮತ್ತು 8 ಎಂಎಂ ಬೋಲ್ಟ್‌ಗೆ ಪೈಪ್ ಬೇಡವೇ ಬೇಡ. ಆಕ್ಸಲ್‌ನಂಥ ದಪ್ಪನೆಯದಕ್ಕೆ ಉದ್ದ ಹಿಡಿ ಸರಿ, ಅದೂ ಸಾಕೆಟ್ ಪೂರ್ತಿ ಕೂತಿದ್ದರೆ.

ನಟ್ ಅಲ್ಲಾಡಿತು ಅಂದ ಕೂಡಲೇ ಖುಷಿಯಲ್ಲಿ ಗರಗರ ತಿರುಗಿಸಬೇಡಿ. ಎಷ್ಟೋ ಬೋಲ್ಟ್ ಮುರಿಯುವುದು ಈ ಹೊತ್ತಿನಲ್ಲೇ. ಬಿಟ್ಟ ತುಕ್ಕು ಪುಡಿಯಾಗಿ ಥ್ರೆಡ್‌ನಲ್ಲೇ ಇರುತ್ತದೆ, ಮುಂದೆ ಹೋದಂತೆ ಒಟ್ಟುಗೂಡಿ ಮತ್ತೆ ಕಚ್ಚುತ್ತದೆ. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ವಾಪಸ್ ತನ್ನಿ, ಎಣ್ಣೆ ಬಿಡಿ. ಮತ್ತೆ ಅರ್ಧ, ಮತ್ತೆ ವಾಪಸ್. ಕೆಂಪು ಕೆಸರಿನಂಥದ್ದು ಹೊರಗೆ ಬರುತ್ತದೆ, ಒರೆಸಿಕೊಳ್ಳಿ. ಬಿಗಿ ಜಾಸ್ತಿಯಾಯಿತು ಅನಿಸಿದಾಗಲೆಲ್ಲ ಹಿಂದಕ್ಕೆ ಹೋಗಿ.

ಹಂತ 6: ಬಿಸಿ

ನಟ್ ಬೋಲ್ಟ್ ಜೋಡಿಯಾದರೆ ನಟ್ ಮಾತ್ರ ಬಿಸಿಯಾಗಬೇಕು, ಅದು ಹಿಗ್ಗಿ ಸಡಿಲವಾಗುತ್ತದೆ. ಅಲ್ಯೂಮಿನಿಯಂ ಒಳಗಿನ ಉಕ್ಕಿನ ಬೋಲ್ಟ್ ಆದರೆ ಸುತ್ತಲಿನ ಅಲ್ಯೂಮಿನಿಯಂ ಬಿಸಿ ಮಾಡಿ. ಅದು ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಕೆಂಪು ಥ್ರೆಡ್ ಲಾಕರ್ ಅಂಟು ಹಾಕಿದ್ದರೆ ಬಿಸಿ ಬಿಟ್ಟು ದಾರಿಯಿಲ್ಲ, ಸುಮಾರು 250 ಡಿಗ್ರಿ ಹೊತ್ತಿಗೆ ಅದು ಮೆತ್ತಗಾಗುತ್ತದೆ.

ಮನೆಯಲ್ಲಿ ಹೀಟ್ ಗನ್ ಸಾಕು. ಬೈಕ್ ಮೇಲೇ ಗ್ಯಾಸ್ ಉರಿ ಹಿಡಿಯಬೇಡಿ. ಮೊದಲು ಪೆಟ್ರೋಲ್ ಟ್ಯಾಂಕ್ ತೆಗೆದು ದೂರ ಇಡಿ, ಸ್ಪ್ರೇ ಮಾಡಿದ ಎಣ್ಣೆ ಒರೆಸಿ. ಬ್ರೇಕ್ ಹೋಸ್, ಟೈರ್, ಆಯಿಲ್ ಸೀಲ್, ಚೈನ್‌ನ ಒ-ರಿಂಗ್ ಹತ್ತಿರ ಬಿಸಿ ಬೇಡ. ಇದನ್ನೂ ಮರೆಯಬೇಡಿ: ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುವ ದ್ರಾವಕ ಇರುತ್ತದೆ. ಅದು ಹತ್ತಿದ ಲೋಹವನ್ನು ಕಾಯಿಸಿದರೆ ಫಾಸ್ಜೀನ್ ಎಂಬ ವಿಷಗಾಳಿ ಹುಟ್ಟಬಹುದು. ಬಿಸಿ ಮಾಡುವ ಜಾಗಕ್ಕೆ ಆ ಡಬ್ಬ ತರಲೇಬೇಡಿ.

ಕಾದ ನಟ್‌ನ ಬುಡಕ್ಕೆ ಮೇಣದ ಬತ್ತಿ ತಾಗಿಸಿ. ಮೇಣ ಕರಗಿ ಥ್ರೆಡ್ ಒಳಗೆ ಓಡುತ್ತದೆ, ಒಳ್ಳೆಯ ಜಾರುಕವಾಗುತ್ತದೆ. ಸೈಲೆನ್ಸರ್ ನಟ್‌ಗೆ ಗಾಳಿಯಾಡುವ ಜಾಗದಲ್ಲಿ ಎಂಜಿನ್ ಕೆಲವು ನಿಮಿಷ ಓಡಿಸಿ, ನಿಲ್ಲಿಸಿ, ದಪ್ಪ ಗ್ಲೌಸ್ ಹಾಕಿಕೊಂಡು ಪ್ರಯತ್ನಿಸಿ. ನಟ್ ಜತೆ ಸ್ಟಡ್ಡೇ (ಎಂಜಿನ್ನಿಗೆ ಕೂರಿಸಿದ ತಲೆಯಿಲ್ಲದ ಬೋಲ್ಟ್) ಬಂದರೆ ಹೆದರಬೇಡಿ. ಹೊಸ ಸ್ಟಡ್ ಹಾಕುವುದು ಸುಲಭ, ಮುರಿದದ್ದನ್ನು ತೆಗೆಯುವುದು ಕಷ್ಟ.

ಹಂತ 7: ಆಗಲೇ ಗುಂಡಗಾಗಿದ್ದರೆ

ಒಂದು ಸೈಜ್ ಚಿಕ್ಕ ಆರು ಮೂಲೆಯ ಸಾಕೆಟ್ಟನ್ನು ಬಡಿದು ಕೂರಿಸಿ. ಅಥವಾ ಎರಡು ಬದಿಯನ್ನು ಅರದಿಂದ ಚಪ್ಪಟೆ ಮಾಡಿ ವೈಸ್ ಗ್ರಿಪ್ (ಕಚ್ಚಿ ಹಿಡಿದು ಲಾಕ್ ಆಗುವ ಇಕ್ಕಳ) ಹಾಕಿ. ಅದೂ ಆಗದಿದ್ದರೆ ಹ್ಯಾಕ್ಸಾದಿಂದ ನಟ್‌ನ ಒಂದು ಬದಿಯನ್ನು ಥ್ರೆಡ್ ಹತ್ತಿರದವರೆಗೆ ಕೊಯ್ದು, ಉಳಿ ಇಟ್ಟು ಒಂದು ಏಟು ಕೊಡಿ, ಸೀಳಿಕೊಳ್ಳುತ್ತದೆ. ನಟ್ ಹೋದರೆ ಹೋಗಲಿ, ಬೋಲ್ಟ್ ಉಳಿಯಲಿ. ಮುರಿದ ಬೋಲ್ಟ್ ತೆಗೆಯಲು ಈಝಿ-ಔಟ್ ಅಂತ ಒಂದು ಉಪಕರಣ ಮಾರುತ್ತಾರೆ. ಸಣ್ಣ ಸೈಜಿನದ್ದು ನನಗೆ ಖಂಡಿತ ಬೇಡ. ಅದು ಗಟ್ಟಿ ಉಕ್ಕು, ಬಾಗುವ ಬದಲು ಒಳಗೇ ಮುರಿಯುತ್ತದೆ. ಆಮೇಲೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ.

ಹಂತ 8: ವಾಪಸ್ ಹಾಕುವಾಗ

ಹೊಸ ನಟ್, ಹೊಸ ಸ್ಪ್ಲಿಟ್ ಪಿನ್. ನೈಲಾನ್ ಉಂಗುರದ ನಟ್ ಆದರೆ ಹಳೆಯದನ್ನು ಮತ್ತೆ ಹಾಕಬೇಡಿ. ಥ್ರೆಡ್ ಉಜ್ಜಿ, ಸೈಲೆನ್ಸರ್ ಸ್ಟಡ್‌ಗಳಿಗೆ ತಾಮ್ರದ ಆ್ಯಂಟಿ-ಸೀಝ್ ಗ್ರೀಸ್ (ನಟ್ ಕಚ್ಚಿಕೊಳ್ಳದಂತೆ ತಡೆಯುವುದು) ತೆಳುವಾಗಿ ಸವರಿ. ಗ್ರೀಸ್ ಹಾಕಿದ ಥ್ರೆಡ್ ಅಷ್ಟೇ ಬಲಕ್ಕೆ ಜಾಸ್ತಿ ಬಿಗಿಯುತ್ತದೆ, ಅದಕ್ಕೇ ಒಣ ಥ್ರೆಡ್‌ಗೆಂದು ಕೊಟ್ಟ ಟಾರ್ಕ್‌ಗಿಂತ ಸ್ವಲ್ಪ ಕಡಿಮೆ ಇಡಿ. ಬ್ರೇಕ್ ಡಿಸ್ಕ್ ಬೋಲ್ಟ್‌ಗೆ ಈ ಗ್ರೀಸ್ ಹಾಕಬೇಡಿ, ಅಲ್ಲಿ ಮ್ಯಾನ್ಯುಅಲ್ ಹೇಳಿದ ಥ್ರೆಡ್ ಲಾಕರ್ರೇ ಬೇಕು. ಸೈಲೆನ್ಸರ್ ನಟ್‌ಗಳು ಒಂದೆರಡು ಸಲ ಕಾದು ತಣಿದ ಮೇಲೆ ಸ್ವಲ್ಪ ಸಡಿಲವಾಗುವುದುಂಟು. ಎಂಜಿನ್ ಪೂರ್ತಿ ತಣ್ಣಗಿರುವಾಗ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.