ಇಷ್ಟದ ಸ್ಟಾರ್ ಇರೋ ಮ್ಯಾಗಜಿನ್ ಕವರ್ ಕೂಡಿಡೋದು ಹೇಗೆ? ಮೊದ್ಲು ಕತ್ತರಿ ಪಕ್ಕಕ್ಕಿಡಿ

ಹೈಸ್ಕೂಲಲ್ಲಿ ಓದ್ತಿದ್ದಾಗ ನಾನು ಮಾಡಿದ ಘನಂದಾರಿ ಕೆಲಸ ಅಂದ್ರೆ ಕೈಗೆ ಸಿಕ್ಕಿದ ಸಿನಿಮಾ ಮ್ಯಾಗಜಿನ್ನು, ಫ್ಯಾಷನ್ ಮ್ಯಾಗಜಿನ್ನು ಎಲ್ಲದರ ಕವರ್ ಮಾತ್ರ ನೀಟಾಗಿ ಕತ್ತರಿಸಿ ಲ್ಯಾಮಿನೇಶನ್ ಮಾಡಿಸಿ ಒಳಗಿನ ಪುಟಗಳನ್ನ ರದ್ದಿಗೆ ಹಾಕಿದ್ದು. ಆಗ ಅದೇ ದೊಡ್ಡ ಕಲೆಕ್ಷನ್ ಅಂದ್ಕೊಂಡು ಬೀಗ್ತಿದ್ದೆ. ಎಷ್ಟೋ ವರ್ಷ ಆದ್ಮೇಲೆ ಫ್ರೆಂಡ್ ಒಬ್ಳು ಅದ್ರಲ್ಲಿ ಒಂದನ್ನ ಎತ್ತಿ ಹಿಡಿದು "ಈ ಫೋಟೋ ಯಾರು ತೆಗ್ದಿದ್ದು, ಹಾಕಿರೋ ಡ್ರೆಸ್ ಯಾರದ್ದು" ಅಂತ ಕೇಳಿದಾಗ ಬೆಬ್ಬೆಬ್ಬೆ ಅನ್ನೋ ಹಾಗಾಯ್ತು, ಯಾಕಂದ್ರೆ ಆ ಎಲ್ಲಾ ವಿವರ ಇರೋದು ಒಳಗಿನ ಪುಟದಲ್ಲಿ, ಒಳಗಿನ ಪುಟ ನಾನೇ ಕೈಯಾರೆ ಬಿಸಾಕಿದ್ದೆ.

ಹಾಗಾಗಿ ಶುರುವಲ್ಲೇ ಹೇಳ್ಬಿಡ್ತೀನಿ, ಕವರ್ ಬೇಕು ಅಂದ್ರೆ ಇಡೀ ಸಂಚಿಕೆ ಇಟ್ಕೊಳ್ಳಿ. ಹೆಚ್ಚಿನ ಮ್ಯಾಗಜಿನ್‌ಗಳಲ್ಲಿ ಪರಿವಿಡಿ ಪುಟದಲ್ಲೋ ಅದರ ಆಸುಪಾಸಲ್ಲೋ ಪುಟ್ಟ ಅಕ್ಷರದಲ್ಲಿ ಕವರ್ ಬಗ್ಗೆ ಒಂದು ಪ್ಯಾರಾ ಇರುತ್ತೆ, ಫೋಟೋಗ್ರಾಫರ್ ಯಾರು, ಸ್ಟೈಲಿಂಗ್ ಯಾರು, ಕೂದಲು ಮೇಕಪ್ಪು ಯಾರು, ಬಟ್ಟೆ ಒಡವೆ ಯಾವ ಬ್ರ್ಯಾಂಡು ಅಂತ. ಕವರ್‌ಗೆ ಅದೇ ಜಾತಕ. ಜಾತಕ ಇಲ್ದೇ ಇರೋ ಕವರ್ ಬರೀ ಪೋಸ್ಟರ್ ಅಷ್ಟೇ.

ಈಗ ಏನನ್ನ ಕೂಡಿಡಬೇಕು ಅನ್ನೋದು. ಸಿಕ್ಕಿದ್ದೆಲ್ಲಾ ತುಂಬ್ಕೊಂಡ್ರೆ ಆರು ತಿಂಗಳಲ್ಲಿ ಮನೆ ಗೋಡೌನ್ ಆಗುತ್ತೆ, ಮನೆಯವ್ರ ಬೈಗುಳ ಬೇರೆ. ಒಬ್ಬ ಸ್ಟಾರ್‌ನ ಹಿಡೀರಿ, ಇಲ್ಲಾಂದ್ರೆ ಒಂದೇ ಮ್ಯಾಗಜಿನ್ ಹಿಡೀರಿ. ನನಗೆ ವೈಯಕ್ತಿಕವಾಗಿ ಇಷ್ಟ ಆಗೋದು ಮೂರನೇ ದಾರಿ, ಏನಾದ್ರೂ ಬದಲಾವಣೆ ತಂದ ಕವರ್‌ಗಳು ಮಾತ್ರ. ಉದಾಹರಣೆಗೆ ವೋಗ್ ಅನ್ನೋ ಫ್ಯಾಷನ್ ಮ್ಯಾಗಜಿನ್‌ನ ಅಮೆರಿಕನ್ ಎಡಿಷನ್ ಕವರ್ ಅಂದ್ರೆ ಮಾಡೆಲ್‌ಗಳದ್ದೇ ರಾಜ್ಯಭಾರ ಇದ್ದ ಕಾಲದಲ್ಲಿ, ಆನಾ ವಿಂಟೂರ್ ಸಂಪಾದಕಿಯಾಗಿ ಬಂದ ಕೆಲವೇ ತಿಂಗಳಿಗೆ, 1989ರ ಮೇ ಸಂಚಿಕೆಗೆ ಹಾಡುಗಾರ್ತಿ ಮಡೋನಾನ ಹಾಕಿದ್ರು. ಆಮೇಲಾಮೇಲೆ ಮಾಡೆಲ್‌ಗಳನ್ನ ಪಕ್ಕಕ್ಕೆ ತಳ್ಳಿ ಸಿನಿಮಾದವ್ರು ಹಾಡುಗಾರ್ರು ಬಂದು ಕೂತ್ರಲ್ಲ, ಆ ಕಥೆ ಹೇಳೋಕೆ ಈ ಒಂದು ಸಂಚಿಕೆ ಇದ್ರೆ ಸಾಕು. ಹಾಗೇನೇ 2018ರ ಸೆಪ್ಟೆಂಬರ್ ವೋಗ್, ಕವರ್ ಮೇಲೆ ಹಾಡುಗಾರ್ತಿ ಬಿಯಾನ್ಸೆ, ತೆಗೆದಿದ್ದು 23 ವರ್ಷದ ಟೈಲರ್ ಮಿಚೆಲ್, ಅಮೆರಿಕನ್ ವೋಗ್ ಕವರ್ ತೆಗೆದ ಮೊದಲ ಕಪ್ಪು ಫೋಟೋಗ್ರಾಫರ್. 2020ರ ಡಿಸೆಂಬರ್ ಸಂಚಿಕೆಯಲ್ಲಿ ಹಾಡುಗಾರ ಹ್ಯಾರಿ ಸ್ಟೈಲ್ಸ್, ಅಮೆರಿಕನ್ ವೋಗ್ ಕವರ್ ಮೇಲೆ ಒಬ್ಬನೇ ನಿಂತ ಮೊದಲ ಗಂಡಸು. ಇಂಥವು ಹತ್ತಿದ್ರೆ ನೂರು ಕವರ್‌ಗಿಂತ ಜಾಸ್ತಿ ಮಾತಾಡ್ಬಹುದು.

ಹುಡುಕೋಕೆ ಶುರು ಮಾಡೋ ಮುಂಚೆ ನಿಮಗೆ ಬೇಕಾಗಿರೋದು ಯಾವ ದೇಶದ ಎಡಿಷನ್ ಅಂತ ಖಚಿತ ಮಾಡ್ಕೊಳ್ಳಿ, ಇದ್ರಲ್ಲಿ ಎಡವೋರೇ ಜಾಸ್ತಿ. "ವೋಗ್ ಕವರ್ ಮೇಲೆ ಬಂದ ಮೊದಲ ಕಪ್ಪು ಮಹಿಳೆ" ಅಂತ ಹುಡುಕಿದ್ರೆ ಒಬ್ರು ಡೊನ್ಯೇಲ್ ಲೂನಾ ಅಂತಾರೆ ಇನ್ನೊಬ್ರು ಬೆವರ್ಲಿ ಜಾನ್ಸನ್ ಅಂತಾರೆ. ಇಬ್ರೂ ಸರೀನೇ. ಲೂನಾ ಬಂದಿದ್ದು 1966ರ ಮಾರ್ಚ್ ಬ್ರಿಟಿಷ್ ವೋಗ್‌ನಲ್ಲಿ, ಮುಖದ ಮುಂದೆ ಕೈ ಅಡ್ಡ ಇಟ್ಕೊಂಡಿರೋ ಫೋಟೋ, ಡೇವಿಡ್ ಬೈಲಿ ತೆಗೆದಿದ್ದು. ಜಾನ್ಸನ್ ಬಂದಿದ್ದು 1974ರ ಆಗಸ್ಟ್ ಅಮೆರಿಕನ್ ವೋಗ್‌ನಲ್ಲಿ. ಹೆಸರು ಒಂದೇ ಆದ್ರೂ ಮ್ಯಾಗಜಿನ್ ಎರಡು, ಆಫೀಸು ಎರಡು, ಸಂಪಾದಕರು ಬೇರೆ ಬೇರೆ. ಬೆಲೆ ಯಾವ ದೇಶದ ದುಡ್ಡಲ್ಲಿ ಪ್ರಿಂಟ್ ಆಗಿದೆ ನೋಡಿದ್ರೆ ಸಾಮಾನ್ಯವಾಗಿ ಗೊತ್ತಾಗ್ಬಿಡುತ್ತೆ.

ಒಂದೇ ದೇಶದ ಒಂದೇ ತಿಂಗಳ ಸಂಚಿಕೆಗೂ ಎರಡು ಮೂರು ಮುಖ ಇರ್ಬಹುದು. ಅಂಗಡಿಗೆ ಹೋಗೋ ಕಾಪಿ ಮೇಲೆ ಕೊಳ್ಳೋರ ಕಣ್ಣು ಸೆಳೆಯೋಕೆ ದಪ್ಪ ದಪ್ಪ ಅಕ್ಷರದಲ್ಲಿ ಹತ್ತಾರು ಹೆಡ್ಡಿಂಗ್ ತುರುಕಿರ್ತಾರೆ, ಚಂದಾದಾರರಿಗೆ ಹೋಗೋದ್ರಲ್ಲಿ ಕೆಲವು ಸಲ ಹೆಡ್ಡಿಂಗ್ ಕಮ್ಮಿ ಇಲ್ಲಾ ಫೋಟೋನೇ ಬೇರೆ, ಅವರು ಹೇಗೂ ದುಡ್ಡು ಕೊಟ್ಟಾಗಿದೆಯಲ್ಲ. ನೋಡೋಕೆ ಚಂದ ಇರೋದು ಬಹಳ ಸಲ ಚಂದಾದಾರರ ಕಾಪಿನೇ. ಇನ್ನು ಕೆಲವು ಕವರ್ ಮೊದಲು ಪೇಪರ್ ಮೇಲೆ ಅಲ್ಲ, ಸ್ಕ್ರೀನ್ ಮೇಲೆ ಮಾತ್ರ ಹುಟ್ಟುತ್ವೆ. 2021ರ ಫೆಬ್ರವರಿ ವೋಗ್‌ಗೆ ಕಮಲಾ ಹ್ಯಾರಿಸ್ ಫೋಟೋ ಬಂದಾಗ ಆಗಿದ್ದು ಇದೇ. ಪ್ರಿಂಟ್ ಆಗಿದ್ದು ಸ್ನೀಕರ್ ಹಾಕಿರೋ ಕ್ಯಾಶುವಲ್ ಫೋಟೋ, ತಿಳಿ ನೀಲಿ ಸೂಟ್ ಹಾಕಿರೋದು ಬರೀ ಡಿಜಿಟಲ್ ಕವರ್. ಉಪಾಧ್ಯಕ್ಷೆ ಆಗ್ತಿರೋರನ್ನ ಹೀಗಾ ತೋರಿಸೋದು ಅಂತ ಜನ ರೇಗಾಡಿದ ಮೇಲೆ ಆ ನೀಲಿ ಸೂಟಿಂದನ್ನೂ ಸ್ಪೆಷಲ್ ಎಡಿಷನ್ ಅಂತ ಒಂದಷ್ಟು ಕಾಪಿ ಮಾತ್ರ ಹೊಡೆದ್ರು. ಯಾರಾದ್ರೂ ಮಾರೋಕೆ ಇಟ್ಟಿದ್ರೆ ಅದು ಆ ಸ್ಪೆಷಲ್ ಕಾಪಿನಾ, ಇಲ್ಲಾ ಮನೆ ಪ್ರಿಂಟರ್‌ನಲ್ಲಿ ಹೊಡೆದು ಅಂಟಿಸಿದ್ದಾ ಅಂತ ನೋಡ್ಲೇಬೇಕು.

ಒಳಗಿನ ಪುಟನೂ ಬೇರೆ ಇರ್ಬಹುದು. 1953ರ ಏಪ್ರಿಲ್ 3ರಂದು ಅಮೆರಿಕದಾದ್ಯಂತ ಶುರುವಾದ, ಟಿವಿ ಕಾರ್ಯಕ್ರಮಗಳ ಪಟ್ಟಿ ಕೊಡೋ ಮ್ಯಾಗಜಿನ್ ಟಿವಿ ಗೈಡ್‌ನ ಮೊದಲ ಸಂಚಿಕೆಗೆ ನಟಿ ಲೂಸಿಲ್ ಬಾಲ್ ಅವರ ಮಗುವಿನ ಫೋಟೋ ಕವರು, ಆದ್ರೆ ಬಂದಿದ್ದು ಹತ್ತು ಊರಿನ ಹತ್ತು ಎಡಿಷನ್ ಆಗಿ, ಒಳಗಡೆ ಆಯಾ ಊರಿನ ಚಾನೆಲ್‌ಗಳ ಪಟ್ಟಿ. ಕವರ್ ಅಷ್ಟೇ ಬೇಕು ಅನ್ನೋರಿಗೆ ಇದೆಲ್ಲಾ ತಲೆನೋವು ಅನ್ಸಬಹುದು, ನನಗಂತೂ ಮಜಾ ಇರೋದೇ ಇಲ್ಲಿ.

ಆನ್‌ಲೈನಲ್ಲಿ ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಮಾರೋರು ಹಾಕಿರೋ ಒಂದು ಫೋಟೋ ನಂಬಿ ದುಡ್ಡು ಕಳಿಸ್ಬೇಡಿ. ಮುಖ ನೋಡಿ ಮಣೆ ಹಾಕೋದು ಅಂದ್ರೆ ಇದೇ. ನಾಲ್ಕು ಫೋಟೋ ಕೇಳಿ, ಮುಂದಿನ ಕವರ್, ಹಿಂದಿನ ಕವರ್, ಬೆನ್ನು (ಪುಟಗಳನ್ನ ಸೇರಿಸಿ ಕಟ್ಟಿರೋ ಅಂಚು), ಆಮೇಲೆ ಪರಿವಿಡಿ ಪುಟ. ಬೆನ್ನಿನ ಫೋಟೋ ಕೊಡೋಕೆ ಹಿಂದೆಮುಂದೆ ನೋಡ್ತಿದ್ರೆ ಅಲ್ಲೇನೋ ಸೀಳಿದೆ ಅಂತಾನೇ ಅರ್ಥ. ಕವರ್ ಸ್ಟೋರಿ ಪುಟಗಳು ಇದಾವಾ ಅಂತ ಬಾಯ್ಬಿಟ್ಟು ಕೇಳಿ, ಯಾಕಂದ್ರೆ ಹಿಂದಿನ ಓನರ್‌ಗೂ ಅದೇ ಸ್ಟಾರ್ ಇಷ್ಟ ಆಗಿದ್ರೆ ಕತ್ತರಿ ಬಿದ್ದಿರೋದು ಮೊದಲು ಆ ಪುಟಗಳಿಗೇ. ಅಂಚೆಯಲ್ಲಿ ಬಂದ ಕಾಪಿ ಆದ್ರೆ ಕವರ್ ಮೇಲೆ ಅಡ್ರೆಸ್ ಲೇಬಲ್ ಇರುತ್ತೆ, ಅದನ್ನ ಕೀಳೋಕೆ ಹೋಗ್ಬೇಡಿ, ಲೇಬಲ್ ಜೊತೆ ಸ್ಟಾರ್ ಮೂಗೂ ಎದ್ದು ಬರುತ್ತೆ (ನನ್ನ ಅನುಭವ). ಹಾಗೇ ಬಿಟ್ಟು, ಫೋಟೋ ಎಲ್ಲಾದ್ರೂ ಹಾಕೋವಾಗ ಆ ಹೆಸರು ಅಡ್ರೆಸ್ ಮಾತ್ರ ಮುಚ್ಚಿ.

ಅಸಲಿ ನಕಲಿ ನೋಡೋಕೆ ದೊಡ್ಡ ವಿದ್ಯೆ ಏನೂ ಬೇಡ. ಬಾರ್‌ಕೋಡ್ ನೋಡಿ, ಅಂಗಡಿಗಳಲ್ಲಿ ಬಾರ್‌ಕೋಡ್ ಸ್ಕ್ಯಾನ್ ಶುರುವಾಗಿದ್ದೇ 1974ರಲ್ಲಿ, ಹಾಗಿದ್ಮೇಲೆ 1960ರ ದಶಕದ್ದು ಅಂತ ಮಾರ್ತಿರೋ ಕವರ್ ಮೇಲೆ ಬಾರ್‌ಕೋಡ್ ಇದ್ರೆ ಅದು ಆಮೇಲೆ ಹೊಡೆದ ಮರುಮುದ್ರಣ. ಈಗಿನ ಮ್ಯಾಗಜಿನ್‌ಗಳಲ್ಲಿ ಉದ್ದ ಬಾರ್‌ಕೋಡ್ ಪಕ್ಕ ಒಂದು ಪುಟಾಣಿ ಬಾರ್‌ಕೋಡ್ ಇರುತ್ತಲ್ಲ, ಅದು ಯಾವ ಸಂಚಿಕೆ ಅಂತ ಹೇಳೋದು, ಬೇರೆ ಬೇರೆ ತಿಂಗಳ ಎರಡು ಕವರ್ ಮೇಲೆ ಅದೂ ಸೇರಿ ಎಲ್ಲಾ ನಂಬರ್ ಒಂದೇ ಇದ್ರೆ ಫ್ಯಾನ್ಸ್ ಯಾರೋ ಕಂಪ್ಯೂಟರಲ್ಲಿ ಕೂತು ಮಾಡಿರೋದು. ಫ್ಯಾನ್ಸ್ ಮಾಡೋ ಕವರ್ ಈಗ ಎಷ್ಟು ಚೆನ್ನಾಗಿರುತ್ತೆ ಅಂದ್ರೆ ಅಸಲಿನೇ ಡಲ್ ಅನ್ಸುತ್ತೆ! ಕೈಯಲ್ಲಿ ಕಾಪಿ ಇದ್ರೆ ಭೂತಗನ್ನಡಿ ಹಿಡಿದು ಸ್ಟಾರ್ ಕೆನ್ನೆ ನೋಡಿ, ಪ್ರೆಸ್ಸಲ್ಲಿ ಆಫ್‌ಸೆಟ್ ಪ್ರಿಂಟ್ ಆಗಿರೋದ್ರಲ್ಲಿ ಬಣ್ಣದ ಚುಕ್ಕಿಗಳು ಹೂವಿನ ಥರ ಸಾಲಾಗಿ ಕೂತಿರುತ್ತೆ, ಮನೆಯ ಇಂಕ್‌ಜೆಟ್ ಪ್ರಿಂಟರ್‌ದಾದ್ರೆ ರಂಗೋಲಿ ಪುಡಿ ಎರಚಿದ ಹಾಗೆ ಅಡ್ಡಾದಿಡ್ಡಿ.

ಅಸಲಿ ಕಾಪಿ ಆದ್ರೂ ಅದ್ರ ಮೇಲಿನ ಫೋಟೋ ಅಸಲಿ ಅನ್ಕೋಬೇಡಿ ಮತ್ತೆ. 1989ರ ಆಗಸ್ಟ್‌ನಲ್ಲಿ ಟಿವಿ ಗೈಡ್ ಕವರ್ ಮೇಲೆ ಟಾಕ್ ಶೋ ನಿರೂಪಕಿ ಓಪ್ರಾ ವಿನ್‌ಫ್ರೀ ನೋಟಿನ ರಾಶಿ ಮೇಲೆ ಕೂತಿರೋ ಚಿತ್ರ ಬಂತು, ತಲೆ ಮಾತ್ರ ಓಪ್ರಾದು, ಮೈ ನಟಿ ಆನ್-ಮಾರ್ಗ್ರೆಟ್ ಅವರ ಹಳೇ ಪಬ್ಲಿಸಿಟಿ ಫೋಟೋದ್ದು, ಇಬ್ರನ್ನೂ ಕೇಳಿರ್ಲಿಲ್ಲ. 2005ರಲ್ಲಿ ಸುದ್ದಿ ಪತ್ರಿಕೆ ನ್ಯೂಸ್‌ವೀಕ್ ಕೂಡ ಅಡುಗೆ, ಮನೆ ಅಲಂಕಾರದ ಟಿವಿ ತಾರೆ ಮಾರ್ಥಾ ಸ್ಟುವರ್ಟ್ ತಲೆಯನ್ನ ಒಬ್ಬ ಮಾಡೆಲ್ ಮೈಗೆ ಅಂಟಿಸಿತ್ತು. ಕ್ರೆಡಿಟ್ ಪ್ಯಾರಾ ಓದೋ ಅಭ್ಯಾಸ ಇದಕ್ಕೇ ಬೇಕಾಗೋದು, "ಫೋಟೋ" ಅಂತ ಇದೆಯಾ "ಫೋಟೋ ಇಲ್ಲಸ್ಟ್ರೇಶನ್" ಅಂತ ಇದೆಯಾ ನೋಡಿ, ಎರಡನೇದು ಇದ್ರೆ ಏನೋ ಕೈಚಳಕ ನಡೆದಿದೆ.

ಈಗ ಇಡೋ ವಿಷ್ಯ, ಇಲ್ಲೇ ಎಲ್ರೂ ಹಾಳು ಮಾಡ್ಕೊಳ್ಳೋದು, ಸ್ವಲ್ಪ ಉದ್ದ ಆಗುತ್ತೆ ಸಹಿಸ್ಕೊಳ್ಳಿ.

ಲ್ಯಾಮಿನೇಶನ್ ಬೇಡ. ಒಂದ್ಸಲ ಮಾಡಿದ್ರೆ ಬಿಡಿಸೋಕೆ ಆಗಲ್ಲ, ಒಳಗೆ ಪೇಪರ್ ಹಳದಿ ಆಗೋದೂ ನಿಲ್ಲಲ್ಲ. ಹರಿದಿರೋ ಕಡೆ ಸೆಲ್ಲೋಟೇಪ್ ಬೇಡವೇ ಬೇಡ, ಅದ್ರ ಗಮ್ಮು ಕೆಲವು ವರ್ಷಕ್ಕೆ ಕಂದು ಬಣ್ಣಕ್ಕೆ ತಿರುಗಿ ಪೇಪರ್ ಒಳಗೇ ಇಳಿಯುತ್ತೆ. ಪ್ಲಾಸ್ಟಿಕ್ ಕವರಲ್ಲಿ ಇಡ್ಬೋದು ಆದ್ರೆ ಯಾವ ಪ್ಲಾಸ್ಟಿಕ್ ಅನ್ನೋದು ಮುಖ್ಯ, ಪಾಲಿಪ್ರೊಪಿಲೀನ್, ಪಾಲಿಥಿಲೀನ್ ಅಥವಾ ಮೈಲಾರ್ ಅಂತ ಕರೆಯೋ ಪಾಲಿಯೆಸ್ಟರ್ ಆದ್ರೆ ಸರಿ. ಪಿವಿಸಿ ಮುಟ್ಬೇಡಿ, ಆ ಕಟು ವಾಸನೆ ಬರುತ್ತಲ್ಲ ಹೊಸ ರೆಕ್ಸಿನ್ ಥರ, ಅದು ಬರ್ತಿದ್ರೆ ವಾಪಸ್ ಇಟ್ಬಿಡಿ, ಕಾಲಕ್ರಮೇಣ ಕವರಿನ ಇಂಕು ಅದಕ್ಕೇ ಅಂಟ್ಕೊಳ್ಳುತ್ತೆ. ಮ್ಯಾಗಜಿನ್ ಹಿಂದೆ ಆಮ್ಲ ಇಲ್ಲದ ಬೋರ್ಡ್ ಒಂದು ಇಟ್ರೆ ಬಗ್ಗಲ್ಲ. ಸೈಜ್ ಅಳೆದು ತಗೊಳ್ಳಿ. ಹಳೇ ಲೈಫ್ ಮ್ಯಾಗಜಿನ್, ಅಂದ್ರೆ 1952ರ ಏಪ್ರಿಲ್ 7ರದ್ದು ಮರ್ಲಿನ್ ಮನ್ರೋ ಕವರ್ ಇದೆಯಲ್ಲ, ಆ ಕಾಲದ್ದು, ಹೆಚ್ಚುಕಮ್ಮಿ 14 ಇಂಚು ಎತ್ತರ, ಮಾಮೂಲಿ ಪ್ಲಾಸ್ಟಿಕ್ ಕವರ್‌ಗೆ ಹಿಡಿಯೋದೇ ಇಲ್ಲ, ತುರುಕಿದ್ರೆ ಮೂಲೆ ಮಡಚುತ್ತೆ.

ಹೊಳೆಯೋ ಪೇಪರ್‌ಗೆ ದೊಡ್ಡ ಶತ್ರು ನೀರು. ಆ ಹೊಳಪು ಬರೋದು ಮೇಲೆ ಬಳಿದಿರೋ ನುಣುಪು ಬಿಳಿ ಜೇಡಿಮಣ್ಣಿನ ಲೇಪದಿಂದ, ನೆಂದು ಒಣಗಿದ್ರೆ ಪುಟಗಳೆಲ್ಲಾ ಕಚ್ಕೊಂಡು ಇಟ್ಟಿಗೆ ಆಗುತ್ತೆ, ಆಮೇಲೆ ಬ್ರಹ್ಮ ಬಂದ್ರೂ ಬಿಡಿಸೋಕಾಗಲ್ಲ. ನೀರು ಬಿದ್ದ ತಕ್ಷಣ ಒಣಗೋಕೆ ಬಿಡದೆ ಪುಟ ಪುಟ ಬಿಡಿಸಿ ಮಧ್ಯೆ ಹೀರೋ ಕಾಗದ ಇಡಿ, ಆಗ್ಲೇ ಟೈಮ್ ಇಲ್ಲಾಂದ್ರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರೀಜರ್‌ಗೆ ತಳ್ಳಿ, ತಮಾಷೆ ಅಲ್ಲ, ಲೈಬ್ರರಿಯವ್ರೂ ನೆಂದ ಪುಸ್ತಕಕ್ಕೆ ಇದನ್ನೇ ಮಾಡೋದು. ಉಳಿದಂತೆ ತೇವಾಂಶ 35ರಿಂದ 50 ಪರ್ಸೆಂಟ್ ಒಳಗಿದ್ರೆ ಒಳ್ಳೇದು. ಅಟ್ಟ ಬೇಡ, ನೆಲಕ್ಕೆ ತಾಗಿದ ಹಾಗೂ ಬೇಡ.

ಪಿನ್ ಹೊಡೆದ ತೆಳು ಮ್ಯಾಗಜಿನ್ ಆದ್ರೆ ಪಿನ್ ತುಕ್ಕು ಹಿಡಿದಿದೆಯಾ ಆಗಾಗ ನೋಡ್ತಿರಿ. ಗಮ್ ಬೈಂಡಿಂಗ್‌ನ ದಪ್ಪ ಸಂಚಿಕೆಗಳದ್ದು ಬೇರೇ ಕಾಟ, ವಯಸ್ಸಾದ ಹಾಗೆ ಆ ಗಮ್ಮು ಪೆಡಸಾಗಿ ಪೂರ್ತಿ ಬಿಚ್ಚಿದ್ರೆ ಬೆನ್ನು ಪಟ್ ಅಂತ ಸೀಳುತ್ತೆ. 2012ರ ಸೆಪ್ಟೆಂಬರ್ ವೋಗ್, ಲೇಡಿ ಗಾಗಾ ಕವರ್ ಇರೋದು, 916 ಪುಟ. ಅಂಥದ್ದನ್ನ ಆಸರೆ ಇಲ್ದೇ ನಿಲ್ಲಿಸಿದ್ರೆ ತನ್ನ ಭಾರಕ್ಕೆ ತಾನೇ ಜೋತುಬಿದ್ದು ಬೆನ್ನು ಸೊಟ್ಟ ಆಗುತ್ತೆ, ಅದನ್ನ ಮಲಗಿಸಿಯೇ ಇಡಿ, ಮೇಲೆ ಇನ್ನೊಂದು ಅಂಥದ್ದನ್ನ ಹೇರ್ಬೇಡಿ.

ಫ್ಯಾಷನ್ ಮ್ಯಾಗಜಿನ್ ಒಳಗೆ ಸೆಂಟ್ ಸ್ಯಾಂಪಲ್ ಅಂಟಿಸಿರ್ತಾರೆ, ಅದ್ರ ಎಣ್ಣೆ ಅಕ್ಕಪಕ್ಕದ ಪುಟಕ್ಕೆ ಕಲೆ ಮಾಡುತ್ತೆ. ಕಿತ್ತು ಹಾಕಿದ್ರೆ ಸಂಚಿಕೆ ಅಪೂರ್ಣ ಅಂತ ಕೆಲವ್ರ ವಾದ, ನಾನು ಕೀಳಲ್ಲ, ಎರಡೂ ಕಡೆ ಆಮ್ಲ ಇಲ್ಲದ ಕಾಗದ ಇಡ್ತೀನಿ. ಸಡಿಲವಾಗಿ ಬೀಳೋ ಚಂದಾ ಕಾರ್ಡುಗಳನ್ನ ಮಾತ್ರ ತೆಗೆದು ಬೇರೆ ಲಕೋಟೆಗೆ ಹಾಕಿ. ನ್ಯೂಸ್‌ಪ್ರಿಂಟ್ ಮೇಲೆ ಬಂದವುಗಳನ್ನ ಹೊಳಪಿನವುಗಳ ಜೊತೆ ಒಂದೇ ಡಬ್ಬದಲ್ಲಿ ಇಡ್ಬೇಡಿ. ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್‌ನ ಆರಂಭದ ಸಂಚಿಕೆಗಳು, 1967ರ ನವೆಂಬರ್ 9ರ ಬೀಟಲ್ಸ್ ಹಾಡುಗಾರ ಜಾನ್ ಲೆನನ್ ಕವರ್‌ನಿಂದ ಹಿಡಿದು, ನ್ಯೂಸ್‌ಪೇಪರ್ ಥರದ ಕಾಗದದಲ್ಲೇ ಬಂದಿದ್ದು, ಅದ್ರಲ್ಲಿರೋ ಆಮ್ಲ ಪಕ್ಕದ ಪೇಪರ್‌ಗೂ ಹರಡುತ್ತೆ.

ಗೋಡೆಗೆ ಹಾಕೋ ಆಸೆ ಎಲ್ರಿಗೂ ಇರುತ್ತೆ. 1981ರ ಜನವರಿ 22ರ ರೋಲಿಂಗ್ ಸ್ಟೋನ್ ಯಾರಿಗೆ ತೂಗುಹಾಕೋಕೆ ಇಷ್ಟ ಆಗಲ್ಲ ಹೇಳಿ, ಲೆನನ್ ಬರಿಮೈಯಲ್ಲಿ ಹೆಂಡತಿ ಯೋಕೋನ ತಬ್ಕೊಂಡಿರೋದು, ಫೋಟೋಗ್ರಾಫರ್ ಆನಿ ಲೀಬೊವಿಟ್ಜ್ ಅದನ್ನ ತೆಗೆದ ದಿನಾನೇ, 1980ರ ಡಿಸೆಂಬರ್ 8ರಂದು, ಆತನ ಕೊಲೆ ಆಯ್ತು. ಕವರ್ ಮೇಲೆ ಒಂದು ಹೆಡ್ಡಿಂಗೂ ಹಾಕಿಲ್ಲ. ಆದ್ರೆ ಬೆಳಕಿಗೆ ಇಟ್ರೆ ಮೊದ್ಲು ಕೆಂಪು ಹಳದಿ ಹೋಗಿ ಮುಖ ನೀಲಿಗಟ್ಟುತ್ತೆ, ಬಿಸಿಲು ಬೀಳೋ ಕಡೆ ಹಾಕಿರೋ ಹಳೇ ಪೋಸ್ಟರ್ ನೋಡಿರ್ತೀರಲ್ಲ. ಕವರ್‌ನ ಸ್ಕ್ಯಾನ್ ಮಾಡಿ ಕಲರ್ ಪ್ರಿಂಟ್ ತೆಗೆದು ಅದನ್ನ ಫ್ರೇಮ್ ಹಾಕ್ಸಿ, ಅಸಲಿ ಡಬ್ಬದಲ್ಲೇ ಇರ್ಲಿ. ಸ್ಕ್ಯಾನ್ ಮಾಡೋವಾಗ ದಪ್ಪ ಸಂಚಿಕೆನ ಗಾಜಿಗೆ ಒತ್ತಬೇಡಿ, ಮೇಲಿಂದ ಮೊಬೈಲಲ್ಲಿ ನೆಟ್ಟಗೆ ತೆಗೆದ್ರೂ ಸಾಕು.

ಕೊನೇದಾಗಿ ಒಂದು ನೋಟ್‌ಬುಕ್ಕೋ ಎಕ್ಸೆಲ್ ಶೀಟೋ ಮಾಡ್ಕೊಳ್ಳಿ. ಮ್ಯಾಗಜಿನ್, ಎಡಿಷನ್, ತಿಂಗಳು, ಕವರ್ ಮೇಲಿರೋರು, ಫೋಟೋಗ್ರಾಫರ್, ಅಂಗಡಿ ಕಾಪಿನಾ ಚಂದಾ ಕಾಪಿನಾ, ಏನೇನು ಡ್ಯಾಮೇಜ್, ಎಷ್ಟಕ್ಕೆ ತಗೊಂಡ್ರಿ. ತಿಂಗಳು ಅಂದ್ರೆ ಕವರ್ ಮೇಲೆ ಪ್ರಿಂಟ್ ಆಗಿರೋದೇ ಬರೀರಿ, ಮಾರ್ಕೆಟ್‌ಗೆ ಬಂದಿದ್ದಲ್ಲ, ಸೆಪ್ಟೆಂಬರ್ ಸಂಚಿಕೆ ಆಗಸ್ಟ್‌ನಲ್ಲೇ ಬಂದಿರುತ್ತೆ. ಸಿನಿಮಾ ರಿಲೀಸ್‌ಗೆ ಹೊಂದಿಸಿಯೇ ಕವರ್ ಮಾಡೋದ್ರಿಂದ ಪಕ್ಕದಲ್ಲಿ ಆ ಟೈಮಲ್ಲಿ ಬಂದ ಸಿನಿಮಾ ಇಲ್ಲಾ ಆಲ್ಬಮ್ ಹೆಸರೂ ಗೀಚಿಟ್ರೆ ಯಾಕೆ ಆ ತಿಂಗಳು ಅವರೇ ಬಂದ್ರು ಅಂತ ಆಮೇಲೆ ಹುಡುಕಾಡೋದು ತಪ್ಪುತ್ತೆ.

ನನ್ನ ಹೈಸ್ಕೂಲ್ ಕಾಲದ ಲ್ಯಾಮಿನೇಟೆಡ್ ಕವರ್‌ಗಳು ಇನ್ನೂ ಇದಾವೆ. ಅವುಗಳಲ್ಲಿ ಮೂರರದ್ದು ಪೂರ್ತಿ ಸಂಚಿಕೆ ಮತ್ತೆ ದುಡ್ಡು ಕೊಟ್ಟು ತಗೊಂಡೆ, ಫ್ರೆಂಡ್ ಕೇಳಿದ ಆ ಫೋಟೋಗ್ರಾಫರ್ ಹೆಸರು ಪರಿವಿಡಿ ಪುಟದ ಮೂಲೇಲಿ ಇತ್ತು. ಹಳೇ ಹಾಳೆನ ಮೌಸ್ ಪ್ಯಾಡ್ ಮಾಡ್ಕೊಂಡಿದೀನಿ.