ಜೀರುಂಡೆ ಎಂದುಕೊಂಡಿದ್ದೆ, ಕಪ್ಪೆಯಾಗಿತ್ತು

ಕೊಡಗಿನ ಚೇರಂಬಾಣೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಮಳೆ ಹಿಡಿದ ಮೇಲೆ ಸಂಜೆ ಏಳಕ್ಕೆ ಒಂದು ಸದ್ದು ಶುರುವಾಗುತ್ತದೆ. ‘ಟ್ರೀಂಕ್... ಟ್ರೀಂಕ್’ ಎಂದು ಎಳೆದು, ಕೊನೆಗೆ ‘ಟಿಂಕ್ ಟಿಂಕ್ ಟಿಂಕ್’. ಹುಟ್ಟಿದಾಗಿನಿಂದ ಕೇಳಿದ್ದೇನೆ, ಜೀರುಂಡೆ ಎಂದೇ ನಂಬಿದ್ದೆ. ನನ್ನ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದ, ಪಕ್ಕದ ತೋಟದ ಲೈನ್ ಮನೆಯ (ಕಾರ್ಮಿಕರ ಸಾಲುಮನೆಯ) ಹುಡುಗಿ ಒಂದು ದಿನ, “ಅದು ಹುಳ ಅಲ್ಲ ಸರ್, ಕಪ್ಪೆ. ತೋರಿಸ್ಲಾ?” ಎಂದಳು.

ಅಂದು ರಾತ್ರಿ ಅವಳ ಅಪ್ಪನೂ ಜೊತೆಗೆ ಬಂದರು. ಕಾಲಿಗೆ ಜಿಗಣೆ ಹತ್ತುತ್ತಿತ್ತು. ಟಾರ್ಚನ್ನು ನೇರ ಬಿಡದೆ ಪಕ್ಕಕ್ಕೆ ಹಿಡಿಯಲು ಹೇಳಿದವಳು ಅವಳೇ. ಎದೆಮಟ್ಟದ ರೋಬಸ್ಟಾ ಕಾಫಿ ಎಲೆಯ ಮೇಲೆ ಹಳದಿ ಬಣ್ಣದ, ಹೆಬ್ಬೆರಳಿನ ತುದಿಯಷ್ಟು ಉದ್ದದ ಜೀವ. ಕೂಗುವಾಗ ಗಂಟಲಿನ ಚೀಲ ಬಲೂನಿನಂತೆ ಉಬ್ಬಿ ಎಲೆಯೇ ನಡುಗುತ್ತಿತ್ತು. ಕಣ್ಣಿನ ಸುತ್ತ ತೆಳುವಾದ ನೀಲಿ ಉಂಗುರ.

ಫೋಟೊ, ಧ್ವನಿ ಎರಡನ್ನೂ ಐನ್ಯಾಚುರಲಿಸ್ಟ್‌ಗೆ, ಅಂದರೆ ಕಂಡ ಜೀವಿಗಳನ್ನು ದಾಖಲಿಸಿ ಇತರರ ನೆರವಿನಿಂದ ಗುರುತಿಸುವ ಜಾಲತಾಣಕ್ಕೆ, ಹಾಕಿದೆ. ಬರೀ ಫೋಟೊ ನೋಡಿದವರು ಕುಲದ ಹೆಸರಿಗೇ ನಿಂತರು. ಕೂಗು ಕೇಳಿದವರೊಬ್ಬರು ಪ್ರಭೇದ ಹೇಳಿದರು: ರಾವೋರ್ಕೆಸ್ಟಿಸ್ ಲೂಟಿಯೋಲಸ್, ಕೊಡಗಿನ ಹಳದಿ ಪೊದೆಗಪ್ಪೆ. ನಮ್ಮ ಕೊಡಗಿನಿಂದಲೇ 2003ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕಪ್ಪೆಯಂತೆ! ಅಂದು ನನಗೆ ನಿದ್ದೆ ಬರಲಿಲ್ಲ. ಪೊದೆಗಪ್ಪೆಗಳ ಬಣ್ಣ ಒಂದೇ ಪ್ರಭೇದದಲ್ಲೂ ಬದಲಾಗುತ್ತದೆ, ಕೂಗು ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ. ಹಾಗಾಗಿ ಈಗ ಮೊದಲು ರೆಕಾರ್ಡಿಂಗ್, ಆಮೇಲೆ ಫೋಟೊ.

ಮುಂದಿನ ಮಳೆಗಾಲ ಹೀಗೆ ದಾಖಲಿಸಲು ಮಕ್ಕಳ ಗುಂಪು ಕಟ್ಟಿದೆ. ಮೊದಲ ತಿಂಗಳ ಕೆಲಸವೆಲ್ಲ ನೀರಿಗೆ ಹೋಯಿತು, ತಪ್ಪು ನನ್ನದೇ. ಎಲ್ಲರೂ ವಾಟ್ಸಾಪ್‌ನಲ್ಲಿ ಕಳಿಸಿ ಎಂದಿದ್ದೆ. ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರೆ ಅದರೊಳಗಿನ ಜಾಗ, ಸಮಯದ ವಿವರ ಅಳಿಸಿಹೋಗುತ್ತದೆ. ಎಲ್ಲಿ, ಯಾವಾಗ ಎಂಬುದಿಲ್ಲದ ಫೋಟೊ ದಾಖಲೆಯಾಗುವುದಿಲ್ಲ. ಧ್ವನಿಯಲ್ಲೂ ಕೊಡೆಯ ಮೇಲೆ ಬಿದ್ದ ಮಳೆ ಬಿಟ್ಟರೆ ಬೇರೇನೂ ಇರಲಿಲ್ಲ. ಈಗ ಮಳೆ ತುಸು ಬಿಟ್ಟಾಗ, ಕೊಡೆ ಮಡಚಿ, ಮೊಬೈಲನ್ನು ಎಲೆಯಿಂದ ಎರಡು ಗೇಣು ದೂರ ಹಿಡಿದು ಒಂದು ನಿಮಿಷ ರೆಕಾರ್ಡ್ ಮಾಡುತ್ತೇವೆ. ಜೊತೆಗೆ ನೋಟ್‌ಬುಕ್ಕಿನಲ್ಲಿ ಗಂಟೆ, ಗಿಡ, ನೆಲದಿಂದ ಎತ್ತರ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಲೊಕೇಶನ್ ಆನ್ ಇದ್ದರೆ ಸಾಕು.

ದೇವರಕಾಡಿಗೆ ಹೋಗುವ ಮುನ್ನ ಅದರ ಉಸ್ತುವಾರಿಯ ತಕ್ಕರನ್ನು ಕೇಳಿಕೊಂಡೆವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ ಮಕ್ಕಳು ಪಿಸುಮಾತಿನಲ್ಲೇ ಮಾತಾಡಿದರು, ರೆಕಾರ್ಡಿಂಗ್‌ಗೆ ಅದಕ್ಕಿಂತ ಒಳ್ಳೆಯ ಜಾಗ ಸಿಕ್ಕಿಲ್ಲ. ಅಲ್ಲಿನ ಸೀತಾಳೆ (ಆರ್ಕಿಡ್) ಹೂವಿನ ನಿಖರ ಜಾಗವನ್ನು ಮಾತ್ರ ಮರೆಮಾಡಿ ಹಾಕುತ್ತೇವೆ, ಕೀಳುವವರು ಇದ್ದಾರೆ.

ಈ ಪೊದೆಗಪ್ಪೆಗಳಿಗೆ ನೀರಿನಲ್ಲಿ ಈಜುವ ಗೊದಮೊಟ್ಟೆಯ ಹಂತವೇ ಇಲ್ಲ. ತೇವದಲ್ಲಿಟ್ಟ ಮೊಟ್ಟೆಯಿಂದ ನೇರವಾಗಿ ಪುಟಾಣಿ ಕಪ್ಪೆ ಬರುತ್ತದೆ. ಕೆರೆ ಬೇಡ, ನೆರಳು ಮತ್ತು ತೇವ ಬೇಕು. ಇದು ತಿಳಿದ ಮೇಲೆ ತೋಟದ ಅರ್ಧ ಭಾಗಕ್ಕೆ ಕಳೆನಾಶಕ ಹೊಡೆಸುವುದನ್ನು ನಿಲ್ಲಿಸಿದೆ, ಅಲ್ಲಿ ಕತ್ತಿಯಲ್ಲೇ ಕಳೆ ತೆಗೆಸುತ್ತೇನೆ. ಕೂಲಿ ಹೆಚ್ಚು ಬೀಳುತ್ತದೆ, ಬೀಳಲಿ. ಆ ಕಡೆ ಕೂಗು ಜಾಸ್ತಿ ಎಂದು ಮಕ್ಕಳು ಹೇಳುತ್ತಾರೆ. ನನಗೂ ಹಾಗೇ ಕೇಳುತ್ತದೆ, ಆದರೆ ಎರಡು ಮಳೆಗಾಲದ ಲೆಕ್ಕ ಸಾಲದು. ಅದಕ್ಕೇ ಎರಡೂ ಕಡೆ ಹತ್ತು ಹತ್ತು ಗಿಡಗಳಿಗೆ ಕೆಂಪು ದಾರ ಕಟ್ಟಿದ್ದೇವೆ. ಪ್ರತಿ ಶನಿವಾರ, ಏಳರಿಂದ ಏಳೂವರೆ.