ಡ್ರಮ್ಮು ತುಂಬಲು ಎಷ್ಟು ಹೊತ್ತು? ತೋಟದ ತೋಡಿನಿಂದ ಕರೆಂಟು ತೆಗೆದ ನನ್ನ ಅನುಭವ

ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ, ಕೊಡಗಿನ ನಮ್ಮ ಕಕ್ಕಬೆ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ. ಮರ ಬೀಳುತ್ತದೆ, ತಂತಿ ಹರಿಯುತ್ತದೆ, ನಾಲ್ಕೈದು ದಿನ ಕರೆಂಟೇ ಇರುವುದಿಲ್ಲ. ಕತ್ತಲಲ್ಲಿ ಕೂತರೆ ಮನೆ ಹಿಂದಿನ ತೋಡಿನ (ಸಣ್ಣ ಹಳ್ಳದ) ಸದ್ದು ಒಂದೇ. ಆ ನೀರು ಹೋಗಿ ಸೇರುವುದು ಕಾವೇರಿಗೆ. ಕಾವೇರಿ ನೀರಿನಿಂದ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದರು. ಹಾಗಿರುವಾಗ ನಮ್ಮ ಮನೆಯ ನಾಲ್ಕು ಬಲ್ಬಿಗೆ ಈ ತೋಡು ಸಾಲದೇ ಅನ್ನಿಸಿತು.

ಮೇಲಿನ ನೀರನ್ನು ಪೈಪಿನಲ್ಲಿ ಕೆಳಗಿಳಿಸಿ, ಅದರ ರಭಸದಿಂದ ಟರ್ಬೈನಿನ ಚಕ್ರ ತಿರುಗಿಸಿ ಕರೆಂಟು ತೆಗೆಯುವುದು ಲೆಕ್ಕ. ಮೊದಲು ಅಳೆದೆ. ಗಾರೆ ಕೆಲಸದವರ ಲೆವೆಲ್ ಪೈಪು ಹಿಡಿದು ನೋಡಿದರೆ, ತೋಟದ ಮೇಲಿನ ಗುಂಡಿಗೂ ಕೆಳಗಿನ ಶೆಡ್ಡಿಗೂ 22 ಮೀಟರ್ ಎತ್ತರದ ವ್ಯತ್ಯಾಸ. 200 ಲೀಟರಿನ ಡ್ರಮ್ಮು 20 ಸೆಕೆಂಡಿಗೆ ತುಂಬಿತು. ಅಂದರೆ ಸೆಕೆಂಡಿಗೆ 10 ಲೀಟರ್. ಮೀಟರನ್ನು ಲೀಟರಿನಿಂದ ಗುಣಿಸಿ, ಮತ್ತೆ 10ರಿಂದ ಗುಣಿಸಿದರೆ ಸುಮಾರಾಗಿ ವಾಟ್ ಸಿಗುತ್ತದೆ: 2,200. ಪೈಪು, ಟರ್ಬೈನು, ಜನರೇಟರು ಸೇರಿ ಅದರಲ್ಲಿ ಅರ್ಧ ತಿನ್ನುತ್ತವೆ. ಉಳಿಯುವುದು ಒಂದು ಕಿಲೋವಾಟ್. ಕಡಿಮೆ ಅನ್ನಿಸುತ್ತದೆ ಅಲ್ವಾ? ಆದರೆ ಇದು ಹಗಲೂ ರಾತ್ರಿ ಓಡುತ್ತದೆ. ದಿನಕ್ಕೆ 24 ಯೂನಿಟ್! ಒಂದು ಕಿಲೋವಾಟಿನ ಸೋಲಾರ್ ಒಳ್ಳೆ ಬಿಸಿಲಲ್ಲೂ ಕೊಡುವುದು ನಾಲ್ಕೈದು ಯೂನಿಟ್, ಕಕ್ಕಡದ ಮೋಡದಲ್ಲಿ ಅದೂ ಇಲ್ಲ.

ಮನೆಯಲ್ಲಿ ಲೈಟು ಆರಿಸಿದರೆ ನೀರು ನಿಲ್ಲುವುದಿಲ್ಲ. ಲೋಡು ಇಳಿದ ಕೂಡಲೇ ಟರ್ಬೈನು ಜೋರಾಗಿ ತಿರುಗಿ ವೋಲ್ಟೇಜ್ ಏರುತ್ತದೆ, ಬಲ್ಬು ಸುಡುತ್ತದೆ. ಅದಕ್ಕೇ ಲೋಡ್ ಕಂಟ್ರೋಲರ್ ಬೇಕೇ ಬೇಕು. ಮನೆಗೆ ಬೇಡವಾದ ಕರೆಂಟನ್ನು ಅದು ಒಂದು ಹೀಟರಿಗೆ ತಿರುಗಿಸುತ್ತದೆ. ಆ ಹೀಟರನ್ನು ನಾನು ಬಚ್ಚಲ ಮನೆಯ ನೀರಿನ ಟ್ಯಾಂಕಿಗೆ ಇಳಿಸಿದೆ. ಮಳೆಗಾಲದಲ್ಲಿ ಒದ್ದೆ ಸೌದೆ ಊದುವ ಕೆಲಸ ಅಮ್ಮನಿಗೆ ತಪ್ಪಿತು. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಸಂತೋಷ ಕೊಟ್ಟದ್ದು ಇದೇ.

ತಪ್ಪಿದ್ದು ಎಲ್ಲಿ ಅಂದರೆ, ನೀರು ಅಳೆದದ್ದು ಕಕ್ಕಡದಲ್ಲಿ. ಹುತ್ತರಿ ಹಬ್ಬ ಕಳೆದು ಕಾಫಿ ಕೊಯ್ಲು ನಡೆಯುವಾಗ ತೋಡಿನ ಸದ್ದು ಸಣ್ಣದಾಯಿತು. ಜನವರಿಯಲ್ಲಿ ಅದೇ ಡ್ರಮ್ಮು ತುಂಬಲು 70 ಸೆಕೆಂಡ್ ಬೇಕಾಯಿತು. ಪೈಪು ಗಾಳಿ ಎಳೆದು ಟರ್ಬೈನು ನಿಂತೇ ಹೋಯಿತು. ಕಂಟ್ರೋಲರ್ ಕೆಟ್ಟಿದೆ ಅಂತ ಎರಡು ದಿನ ಸುಮ್ನೆ ಅದನ್ನೇ ಬಿಚ್ಚಿ ನೋಡಿದೆ. ಕೊನೆಗೆ ಟರ್ಬೈನಿಗೆ ನೀರು ಚಿಮ್ಮಿಸುವ ದೊಡ್ಡ ನಾಜಲ್ ತೆಗೆದು, ಇರುವಷ್ಟೇ ನೀರು ಬಿಡುವ ಸಣ್ಣದು ಹಾಕಿದ ಮೇಲೆ 300 ವಾಟ್ ಬಂತು. ಲೈಟು, ಟಿವಿ, ಫೋನಿಗೆ ಸಾಕು, ಬಿಸಿನೀರಿಗೆ ಸಾಲದು.

ಗುಂಡಿಯ ಬಾಯಿಗೆ ಜಾಲರಿ ಹಾಕಿದ್ದರೂ ಸಿಲ್ವರ್ ಓಕ್ ಎಲೆ ಕಟ್ಟಿಕೊಳ್ಳುತ್ತದೆ. ದಿನಾ ಬೆಳಗ್ಗೆ ಒಬ್ಬರು ಹೋಗಿ ಕೈಯಾಡಿಸಲೇಬೇಕು.

ಫೆಬ್ರವರಿ ಕೊನೆಗೆ ಟರ್ಬೈನು ನಿಲ್ಲಿಸುತ್ತೇನೆ. ಅಲ್ಲಿಂದ ಮಳೆ ಹಿಡಿಯುವವರೆಗೆ ಮಾಡಿನ ಮೇಲಿನ ಸೋಲಾರ್ ನೋಡಿಕೊಳ್ಳುತ್ತದೆ. ಆಗ ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ.

ಪಕ್ಕದ ತೋಟದವರಿಗೂ ಈಗ ಇದು ಬೇಕಂತೆ. ಮೊನ್ನೆ ಜಡಿಮಳೆಯಲ್ಲೇ ಬಂದು, "ನಾಳೆ ನಮ್ಮ ತೋಡನ್ನೂ ಒಮ್ಮೆ ಅಳೆದು ಕೊಡು" ಅಂದರು. "ಜನವರಿಯಲ್ಲಿ ಬರ್ತೇನೆ ಅಣ್ಣಾ, ಡ್ರಮ್ಮು ಇಟ್ಟಿರಿ" ಅಂದೆ.